ಮನಸ್ಸಿನ ಸ್ಕೋರು 13 ಇದ್ದದ್ದು 18 ಆಯ್ತಾ? ಗಾಬರಿಯಾಗೋ ಮುಂಚೆ ಯಾವ ಫಾರಂ ಅಂತ ನೋಡಿ

ನಮ್ಮ ಬಜಾರಿನ ಅಂಗಡಿಯವರೊಬ್ಬರು ಹೋದ ತಿಂಗಳು ನನ್ನನ್ನ ಒಳಗೆ ಕರೆದು, ಗಲ್ಲಾಪೆಟ್ಟಿಗೆ ಅಡಿಯಿಂದ ಎರಡು ಕಾಗದ ತೆಗೆದು ಮುಂದಿಟ್ಟರು. ಹೆಸರು ಹಾಕಬೇಡ, ಯಾವ ಅಂಗಡಿ ಅಂತಾನೂ ಬರೀಬೇಡ ಅಂದಿದ್ದಾರೆ, ಹಾಗಾಗಿ ಅಷ್ಟೇ. ಮೊದಲನೇ ಕಾಗದ ಆಸ್ಪತ್ರೆಯಲ್ಲಿ ತುಂಬಿದ್ದು, ಅದರ ಕೆಳಗೆ ಪೆನ್ನಿನಲ್ಲಿ 13 ಅಂತ ಬರೆದಿತ್ತು. ಎರಡನೆಯದು ಮೂರು ತಿಂಗಳಾದ ಮೇಲೆ ಜಿಲ್ಲಾ ಕೇಂದ್ರದ ಒಬ್ಬ ಆಪ್ತಸಮಾಲೋಚಕರ ಹತ್ತಿರ ತುಂಬಿದ್ದು. ಅದರಲ್ಲಿ ಮೂರು ಅಂಕಿ: 18, 12, 22.

"ಮೂರು ತಿಂಗಳು ಮಾತ್ರೆ ನುಂಗಿದೀನಿ. 13 ಇದ್ದದ್ದು 18 ಆಗಿದೆ. ಇನ್ಯಾಕೆ ನುಂಗ್ಲಿ?" ಅಂದ್ರು. ಆಗಲೇ ಮಾತ್ರೆ ಬಿಟ್ಟು ಹನ್ನೊಂದು ದಿನ ಆಗಿತ್ತು.

ಎರಡೂ ಕಾಗದ ಪಕ್ಕಪಕ್ಕ ಇಟ್ಟು ನೋಡಿದ್ರೆ ವಿಷಯ ಬೇರೆಯೇ ಇತ್ತು. ಮೊದಲನೆಯದು ಪಿಎಚ್‌ಕ್ಯೂ-9 ಅನ್ನೋ ಪ್ರಶ್ನಾವಳಿ, ಅದರಲ್ಲಿ ಪೂರ್ತಿ ಅಂಕ 27. ಎರಡನೆಯದು ಡಾಸ್-21, ಅದರಲ್ಲಿ ಖಿನ್ನತೆಯ ಭಾಗಕ್ಕೆ ಪೂರ್ತಿ ಅಂಕ 42. ಮೊದಲನೆಯದರಲ್ಲಿ 10ರಿಂದ 14ರವರೆಗೆ 'ಮಧ್ಯಮ' ಅನ್ನೋ ಮಟ್ಟ. ಎರಡನೆಯದರಲ್ಲಿ 14ರಿಂದ 20ರವರೆಗೆ 'ಮಧ್ಯಮ'. ಅಂದ್ರೆ 13 ಕೂಡ ಮಧ್ಯಮ, 18 ಕೂಡ ಮಧ್ಯಮ. ಜಾಸ್ತಿ ಆಯ್ತು ಅಂತ ಆ ಎರಡು ಕಾಗದ ಎಲ್ಲೂ ಹೇಳ್ತಿರಲಿಲ್ಲ. ಕಮ್ಮಿ ಆಯ್ತು ಅಂತಾನೂ ಹೇಳ್ತಿರಲಿಲ್ಲ, ಅದೂ ಗೊತ್ತಿರಲಿ.

ಹಾಲಿನ ಡೈರಿಗೆ ಹೋಗೋರಿಗೆ ಇದು ಬೇಗ ಅರ್ಥ ಆಗುತ್ತೆ. ಚೀಟಿಯಲ್ಲಿ ಲೀಟರು 8 ಅಂತ ಇರುತ್ತೆ, ಪಕ್ಕದಲ್ಲಿ ಫ್ಯಾಟ್ 4.1 ಅಂತ ಇರುತ್ತೆ. ಹಾಲು 8ರಿಂದ 4ಕ್ಕೆ ಇಳೀತು ಅಂತ ಯಾರೂ ಬಾಯಿ ಬಡ್ಕೊಳ್ಳಲ್ಲ, ಎರಡೂ ಬೇರೆ ಅಳತೆ ಅಂತ ಗೊತ್ತು. ಮನಸ್ಸಿನ ಫಾರಂ ವಿಷಯದಲ್ಲಿ ಇದನ್ನ ನಮಗೆ ಯಾರೂ ಹೇಳಿಕೊಟ್ಟಿಲ್ಲ ಅಷ್ಟೇ.

ಈ ಫಾರಂಗಳು ಈಗ ನಮ್ಮ ಮನೆ ಬಾಗಿಲಿಗೂ ಬಂದಿವೆ. ಆಶಾ ಕಾರ್ಯಕರ್ತೆಯರು 30 ವರ್ಷ ದಾಟಿದವರ ಬಿಪಿ, ಶುಗರ್, ಕ್ಯಾನ್ಸರ್ ಲಕ್ಷಣ ಅಂತ ಕೇಳಿ ತುಂಬ್ತಾರಲ್ಲ, ಆ ಫಾರಂನಲ್ಲಿ ಮನಸ್ಸಿನ ಬಗ್ಗೆ ಎರಡು ಪ್ರಶ್ನೆ ಸೇರಿಸಿದ್ದಾರೆ. ಯಾವ ಕೆಲಸದಲ್ಲೂ ಆಸಕ್ತಿ ಇಲ್ಲದ ಹಾಗೆ ಆಗಿದೆಯಾ, ಮನಸ್ಸು ಕುಗ್ಗಿದೆಯಾ. ಅವೆರಡೂ ಪಿಎಚ್‌ಕ್ಯೂ-9ರ ಮೊದಲ ಎರಡು ಪ್ರಶ್ನೆಗಳೇ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯೋ ಮನೋಚೈತನ್ಯ ಕ್ಲಿನಿಕ್ ಬಗ್ಗೆ ಕೆಲವರು ಕೇಳಿರಬಹುದು. ಮೊಬೈಲಲ್ಲಂತೂ 'ನಿಮ್ಮ ಆತಂಕ ಎಷ್ಟು, ಎರಡೇ ನಿಮಿಷದಲ್ಲಿ ತಿಳ್ಕೊಳ್ಳಿ' ಅಂತ ದಿನಾ ಒಂದು ಬರುತ್ತೆ. ಹಾಗಾಗಿ ಯಾವುದು ಏನನ್ನ ಅಳೆಯುತ್ತೆ ಅನ್ನೋದನ್ನ ಸ್ವಲ್ಪ ಬಿಡಿಸಿ ಬರೀತೀನಿ.

ಪಿಎಚ್‌ಕ್ಯೂ-9: ಎಲ್ಲರೂ ಬಳಸೋದು

ಅಮೆರಿಕದ ಕ್ರೋಂಕಿ, ಸ್ಪಿಟ್ಜರ್, ವಿಲಿಯಮ್ಸ್ ಅನ್ನೋ ಮೂವರು 2001ರಲ್ಲಿ ಪ್ರಕಟಿಸಿದ್ದು. ಫೈಜರ್ ಔಷಧ ಕಂಪನಿಯ ದುಡ್ಡಿನಲ್ಲಿ ತಯಾರಾದದ್ದು, ಆದ್ರೆ ಈಗ ಯಾರು ಬೇಕಾದ್ರೂ ಪುಕ್ಕಟೆ ಬಳಸಬಹುದು, ಕನ್ನಡದಲ್ಲೂ ಇದೆ. ಒಂಬತ್ತು ಪ್ರಶ್ನೆ: ಆಸಕ್ತಿ, ಕುಗ್ಗಿದ ಮನಸ್ಸು, ನಿದ್ದೆ, ಸುಸ್ತು, ಹಸಿವು, ತಾನು ಸೋತೆ ಅನ್ನೋ ಭಾವ, ಗಮನ, ನಡೆ-ನುಡಿ ನಿಧಾನ ಆಗೋದು ಅಥವಾ ಚಡಪಡಿಕೆ, ಕೊನೆಗೆ ಸಾವಿನ ಅಥವಾ ತನಗೆ ತಾನೇ ಹಾನಿ ಮಾಡ್ಕೊಳ್ಳೋ ಯೋಚನೆ. ಕಳೆದ ಎರಡು ವಾರದಲ್ಲಿ ಎಷ್ಟು ದಿನ ಹೀಗಾಯ್ತು ಅಂತ ಕೇಳ್ತಾರೆ. ಇಲ್ಲವೇ ಇಲ್ಲ ಅಂದ್ರೆ 0, ಕೆಲವು ದಿನ ಅಂದ್ರೆ 1, ಅರ್ಧಕ್ಕಿಂತ ಹೆಚ್ಚು ದಿನ ಅಂದ್ರೆ 2, ಹೆಚ್ಚುಕಮ್ಮಿ ದಿನಾ ಅಂದ್ರೆ 3. ಒಟ್ಟು 5 ದಾಟಿದ್ರೆ ಸೌಮ್ಯ, 10 ಮಧ್ಯಮ, 15 ಮಧ್ಯಮಕ್ಕಿಂತ ತೀವ್ರ, 20 ದಾಟಿದ್ರೆ ತೀವ್ರ.

ಇದರ ದೊಡ್ಡ ಲಾಭ ಏನಂದ್ರೆ, ಎಷ್ಟು ಅಂಕ ಬದಲಾದ್ರೆ ನಿಜವಾದ ಬದಲಾವಣೆ ಅನ್ನೋದಕ್ಕೆ ಒಂದು ಲೆಕ್ಕ ಇದೆ. 5 ಅಂಕ. 13 ಇದ್ದದ್ದು 11 ಆದ್ರೆ 'ವಾಸಿ ಆಗ್ತಿದೆ' ಅಂತ ಹಬ್ಬ ಮಾಡೋ ಹಾಗಿಲ್ಲ, 13 ಇದ್ದದ್ದು 15 ಆದ್ರೆ ಅಳೋ ಹಾಗೂ ಇಲ್ಲ. ಒಂದು ರಾತ್ರಿ ಸೊಳ್ಳೆ ಕಾಟಕ್ಕೆ ನಿದ್ದೆ ಕೆಟ್ಟರೂ ಒಂದೆರಡು ಅಂಕ ಅತ್ತಿತ್ತ ಆಗುತ್ತೆ. 5 ಅಂಕ ಇಳಿದ್ರೆ, ಅಥವಾ ಮೊದಲಿದ್ದದ್ದು ಅರ್ಧಕ್ಕೆ ಬಂದ್ರೆ, ಚಿಕಿತ್ಸೆ ಹಿಡೀತಿದೆ ಅಂತ ವೈದ್ಯರು ನೋಡ್ತಾರೆ. 5ಕ್ಕಿಂತ ಕೆಳಗೆ ಬಂದು ಅಲ್ಲೇ ನಿಂತ್ರೆ ಇನ್ನೂ ಒಳ್ಳೇದು.

ತೊಂದರೆ ಎಲ್ಲಿ ಅಂದ್ರೆ ನಿದ್ದೆ, ಸುಸ್ತು, ಹಸಿವು ಮೂರು ಮೈಯಿಗೆ ಸಂಬಂಧಪಟ್ಟವು. ರಕ್ತಹೀನತೆ ಇರೋ ಹೆಣ್ಣುಮಗಳಿಗೆ, ಶುಗರ್ ಏರಿರೋರಿಗೆ, ಥೈರಾಯ್ಡ್ ಇರೋರಿಗೆ, ಹಸುಗೂಸಿಗೆ ರಾತ್ರಿಯೆಲ್ಲ ಎದ್ದು ಹಾಲು ಕೊಡೋ ತಾಯಿಗೆ ಮನಸ್ಸು ನೆಟ್ಟಗಿದ್ರೂ ಇಲ್ಲೇ ಆರೇಳು ಅಂಕ ಬೀಳಬಹುದು. ಬಾಣಂತಿಯರಿಗೆ ಅಂತಲೇ ಎಡಿನ್‌ಬರೋ ಪ್ರಶ್ನಾವಳಿ 1987ರಲ್ಲಿ ಬಂತು. ಆಸ್ಪತ್ರೆ ರೋಗಿಗಳಿಗೆ ಅಂತ ಮೈಯಿನ ಲಕ್ಷಣ ಆದಷ್ಟು ಬಿಟ್ಟು ಮಾಡಿದ 14 ಪ್ರಶ್ನೆಯ ಹ್ಯಾಡ್ಸ್ ಅದಕ್ಕೂ ಮುಂಚೆ, 1983ರಲ್ಲೇ ಬಂದಿತ್ತು.

ಆತಂಕ ಅಳೆಯೋದು ಬೇರೆ ಕಥೆ

ಖಿನ್ನತೆಯ ಫಾರಂ ತುಂಬಿ ಆತಂಕದ ಬಗ್ಗೆ ತೀರ್ಮಾನ ಮಾಡೋಕೆ ಬರಲ್ಲ. ಅದಕ್ಕೆ ಅದೇ ತಂಡದವರು 2006ರಲ್ಲಿ ಜಿಎಡಿ-7 ತಂದ್ರು. ಏಳು ಪ್ರಶ್ನೆ, ಪೂರ್ತಿ 21 ಅಂಕ, 5, 10, 15ರ ಮೆಟ್ಟಿಲು, ಇದೂ ಎರಡು ವಾರದ ಲೆಕ್ಕ. ಚಿಂತೆ ತಡೆಯೋಕಾಗಲ್ವಾ, ಕೂತಲ್ಲಿ ಕೂರೋಕಾಗಲ್ವಾ, ಸಣ್ಣದಕ್ಕೂ ಸಿಟ್ಟು ಬರುತ್ತಾ, ಏನೋ ಕೆಟ್ಟದ್ದು ಆಗುತ್ತೆ ಅನ್ನೋ ಭಯ ಇದೆಯಾ. ಎಲ್ಲ ಚಿಂತೆಯ ಸುತ್ತಮುತ್ತ.

ಆದ್ರೆ ನಮ್ಮ ಕಡೆ ಎಷ್ಟೋ ಜನ 'ಚಿಂತೆ' ಅಂತ ಹೇಳ್ಕೊಂಡು ಬರಲ್ಲ. ಎದೆ ಢವಢವ ಅನ್ನುತ್ತೆ, ಕೈ ನಡುಗುತ್ತೆ, ಉಸಿರು ಸಿಕ್ಕಿಕೊಳ್ಳುತ್ತೆ, ಹಾರ್ಟ್ ಇರಬಹುದು ಅಂತ ಇಸಿಜಿ ಮಾಡಿಸ್ಕೊಂಡು ಬರ್ತಾರೆ. ಅಂಥವರು ಜಿಎಡಿ-7 ತುಂಬಿದ್ರೆ ಅಂಕ ಕಮ್ಮಿ ಬರಬಹುದು, ಎದೆ ಬಡಿತ ಅಲ್ಲಿ ಕೇಳೋದೇ ಇಲ್ಲ. ಆರನ್ ಬೆಕ್ ಅವರ ಆತಂಕದ ಪ್ರಶ್ನಾವಳಿ, 1988ರದ್ದು, ಪೂರ್ತಿ ಉಲ್ಟಾ. ಅದರ 21 ಅಂಶಗಳಲ್ಲಿ ಬಹಳಷ್ಟು ಮೈಯಿನವು: ಮರಗಟ್ಟೋದು, ನಡುಕ, ಬಿಸಿ ಏರೋದು, ಎದೆ ಬಡಿತ. ಒಬ್ಬನೇ ಮನುಷ್ಯ, ಒಂದೇ ದಿನ, ಒಂದರಲ್ಲಿ 'ಸೌಮ್ಯ' ಇನ್ನೊಂದರಲ್ಲಿ 'ತೀವ್ರ' ಬಂದ್ರೆ ಯಾವುದೂ ಸುಳ್ಳು ಹೇಳಿಲ್ಲ, ಕೇಳಿದ್ದೇ ಬೇರೆ. ಬೆಕ್ ಅವರ ಪ್ರಶ್ನಾವಳಿಗಳಿಗೆ ಕಾಪಿರೈಟ್ ಇದೆ, ದುಡ್ಡು ಕೊಟ್ಟು ತರಿಸ್ಬೇಕು, ಅದಕ್ಕೇ ಸರ್ಕಾರಿ ಕಡೆ ಕಾಣೋದು ಅಪರೂಪ.

ಡಾಸ್-21 ಮೂರನ್ನೂ ಒಟ್ಟಿಗೆ ಅಳೆಯುತ್ತೆ: ಖಿನ್ನತೆ, ಆತಂಕ, ಒತ್ತಡ. ಆಸ್ಟ್ರೇಲಿಯಾದ ಲೋವಿಬಾಂಡ್‌ಗಳು 1995ರಲ್ಲಿ ತಂದದ್ದು. ಒಂದೊಂದಕ್ಕೆ ಏಳು ಪ್ರಶ್ನೆ, ಕಳೆದ ಒಂದು ವಾರದ ಲೆಕ್ಕ. ಮೂಲದಲ್ಲಿ 42 ಪ್ರಶ್ನೆ ಇದ್ದ ಫಾರಂ ಅರ್ಧ ಮಾಡಿದ್ದರಿಂದ, ಬಂದ ಅಂಕನ ಎರಡರಿಂದ ಗುಣಿಸ್ಬೇಕು. ಇಲ್ಲೇ ಒಂದು ಗುಟ್ಟು. ಗುಣಿಸಿದ ಮೇಲೆ ಡಾಸ್ ಅಂಕ ಯಾವಾಗಲೂ ಸಮಸಂಖ್ಯೆ. ನಿಮ್ಮ ಕಾಗದದಲ್ಲಿ 9 ಅಂತಲೋ 11 ಅಂತಲೋ ಬೆಸಸಂಖ್ಯೆ ಕಂಡ್ರೆ ಗುಣಿಸೋದು ಮರೆತಿದ್ದಾರೆ ಅಂತ ಅರ್ಥ. ನಮ್ಮ ಅಂಗಡಿಯವರ 18 ಗುಣಿಸದೇ ಇದ್ದಿದ್ರೆ 9 ಆಗಿರ್ತಿತ್ತು. ಆಗ ಅವರು '13ರಿಂದ 9ಕ್ಕೆ ಇಳೀತು, ವಾಸಿ ಆಯ್ತು' ಅಂತ ಮಾತ್ರೆ ಬಿಡ್ತಿದ್ರು. ಹೆಂಗೂ ಬಿಡೋದೇ ಆಗ್ತಿತ್ತು.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯ. ಡಾಸ್-21ರಲ್ಲಿ ಬದುಕಿಗೆ ಅರ್ಥ ಇಲ್ಲ ಅನ್ನಿಸುತ್ತಾ ಅಂತ ಕೇಳ್ತಾರೆ, ಸಾಯೋ ಯೋಚನೆ ಬಗ್ಗೆ ನೇರವಾಗಿ ಕೇಳಲ್ಲ. ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಅದೇ. ಫಾರಂ ಬದಲಾದ ದಿನ ಆ ಪ್ರಶ್ನೆಯೂ ಕಾಣೆಯಾಗುತ್ತೆ.

ಒಂಬತ್ತನೇ ಪ್ರಶ್ನೆ ಒಟ್ಟು ಮೊತ್ತದಲ್ಲಿ ಮುಚ್ಚಿಹೋಗಬಾರದು

ಒಬ್ಬರಿಗೆ ಮೊದಲ ಸಲ 15 ಬಂತು ಅಂದ್ಕೊಳ್ಳಿ, ಒಂಬತ್ತನೆಯದಕ್ಕೆ 0. ತಿಂಗಳಾದ ಮೇಲೆ 10 ಬಂತು, ಆದ್ರೆ ಒಂಬತ್ತನೆಯದಕ್ಕೆ 2. ಒಟ್ಟು 5 ಅಂಕ ಇಳಿದಿದೆ, ನಿದ್ದೆ, ಹಸಿವು ಸರಿಹೋಗಿದೆ. ಹಾಗಂತ ಸುಧಾರಿಸಿದ್ದಾರೆ ಅಂತ ಹೇಳೋಕಾಗಲ್ಲ. ಆ ಪ್ರಶ್ನೆಗೆ 1 ಇದ್ರೂ ಕೂತು ಮಾತಾಡ್ಬೇಕು, ಒಟ್ಟು ಎಷ್ಟೇ ಇರಲಿ. ಹಾಗೆ ಗುರುತು ಹಾಕಿದವರೆಲ್ಲ ಅಪಾಯದಲ್ಲಿದ್ದಾರೆ ಅಂತ ಅಲ್ಲ, ಕೇಳಿ ತಿಳ್ಕೊಳ್ಳೋದು ನಮ್ಮ ಕೆಲಸ. ಕೇಳಿದ್ರೆ ಆ ಯೋಚನೆ ತಲೆಗೆ ಹಾಕಿದಂಗಾಗುತ್ತೆ ಅನ್ನೋ ಭಯ ಮನೆಯವರಿಗೆ ಇರುತ್ತೆ, ಅದು ತಪ್ಪು ತಿಳುವಳಿಕೆ. ನಿಮಗೇ ಅಥವಾ ಮನೆಯಲ್ಲಿ ಯಾರಿಗಾದ್ರೂ ಹಾಗೆ ಅನ್ನಿಸ್ತಿದ್ರೆ ಮುಂದಿನ ಮಂಗಳವಾರದವರೆಗೆ ಕಾಯಬೇಡಿ. ಟೆಲಿ-ಮಾನಸ್ ನಂಬರ್ 14416, ಪುಕ್ಕಟೆ, ಹಗಲು-ರಾತ್ರಿ ಯಾವಾಗ ಬೇಕಾದ್ರೂ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ. ಅವರನ್ನ ಒಂಟಿ ಬಿಡಬೇಡಿ.

ಹುಡುಕೋ ಫಾರಂ ಬೇರೆ, ಅಳೆಯೋ ಫಾರಂ ಬೇರೆ

ನಮ್ಮ ಪಕ್ಕದ ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಪ್ರಾಥಮಿಕ ಚಿಕಿತ್ಸೆಗೆ ಬಂದ ಜನರ ಮೇಲೆ ಐದು ಪ್ರಶ್ನಾವಳಿ ಒಟ್ಟಿಗೆ ಇಟ್ಟು ಹೋಲಿಸಿ 2008ರಲ್ಲಿ ಪ್ರಕಟಿಸಿದ್ರು. ಐದೂ ಪರವಾಗಿಲ್ಲ, ಅದರಲ್ಲಿ ಜಿಎಚ್‌ಕ್ಯೂ ಮತ್ತು ಎಸ್‌ಆರ್‌ಕ್ಯೂ ಸ್ವಲ್ಪ ಮುಂದೆ ಅಂತ ಬಂತು. ಹಾಗಾದ್ರೆ ಎಲ್ಲರೂ ಅವೆರಡನ್ನೇ ಬಳಸಬಹುದಲ್ಲ ಅಂತ ನನಗೂ ಅನ್ನಿಸ್ತು. ಆದ್ರೆ ಆ ಹೋಲಿಕೆ ಇದ್ದದ್ದು ಕಾಯಿಲೆ ಇರೋರನ್ನ ಗುರುತಿಸೋದಕ್ಕೆ. ತಿಂಗಳಿಂದ ತಿಂಗಳಿಗೆ ಎಷ್ಟು ಬದಲಾಯ್ತು ಅಂತ ನೋಡೋದು ಬೇರೆ ಕೆಲಸ.

ಎಸ್‌ಆರ್‌ಕ್ಯೂ ವಿಶ್ವ ಆರೋಗ್ಯ ಸಂಸ್ಥೆಯದು, 20 ಪ್ರಶ್ನೆ, ಎಲ್ಲಕ್ಕೂ ಹೌದು ಅಥವಾ ಇಲ್ಲ. ಓದು ಬರಹ ಬಾರದವರಿಗೂ ಕೇಳೋಕೆ ಸುಲಭ. ಆದ್ರೆ ವಾರಪೂರ್ತಿ ನಿದ್ದೆ ಇಲ್ಲದವನು ಈಗ ವಾರಕ್ಕೆ ಎರಡೇ ದಿನ ನಿದ್ದೆಗೆಡ್ತಾನೆ ಅಂದ್ರೂ ಉತ್ತರ 'ಹೌದು' ಅಂತಲೇ. ಅವನಿಗಾದ ಸುಧಾರಣೆ ಆ ಕಾಗದಕ್ಕೆ ಕಾಣಲ್ಲ.

ಜಿಎಚ್‌ಕ್ಯೂದು ಇನ್ನೂ ವಿಚಿತ್ರ. ಅದು 'ಎಂದಿನಂತೆ ಇದ್ದೀರಾ, ಎಂದಿಗಿಂತ ಜಾಸ್ತಿಯಾ' ಅಂತ ಕೇಳುತ್ತೆ. ನಾಲ್ಕು ವರ್ಷದಿಂದ ಬೇಜಾರಲ್ಲೇ ಇರೋ ಮನುಷ್ಯ 'ಎಂದಿನಂತೆ' ಅಂತಾನೆ, ಅಂಕ ಸೊನ್ನೆ. ಹೊಸದಾಗಿ ಬಂದ ಕಷ್ಟ ಅದರಲ್ಲಿ ಚೆನ್ನಾಗಿ ಕಾಣುತ್ತೆ, ಹಳೇ ಕಷ್ಟ ಜಾರಿ ಹೋಗುತ್ತೆ.

ಡಬ್ಲ್ಯುಎಚ್‌ಒ-5 ಅಂತ ಇನ್ನೊಂದಿದೆ, ಐದೇ ಪ್ರಶ್ನೆ, ಎಲ್ಲ ಒಳ್ಳೇ ಮಾತು: ಖುಷಿಯಾಗಿದ್ರಾ, ನೆಮ್ಮದಿ ಇತ್ತಾ, ಬೆಳಿಗ್ಗೆ ಎದ್ದಾಗ ಹುರುಪು ಇತ್ತಾ. ಕಾಯಿಲೆ ಅನ್ನೋ ಮಾತೇ ಇಲ್ಲದ್ದರಿಂದ ಜನ ಮುಜುಗರ ಇಲ್ಲದೆ ಉತ್ತರ ಕೊಡ್ತಾರೆ, ನನಗೆ ಇದು ಇಷ್ಟ. ಬಂದದ್ದನ್ನ 4ರಿಂದ ಗುಣಿಸಿ 100ಕ್ಕೆ ಲೆಕ್ಕ ಹಾಕ್ತಾರೆ. 50ಕ್ಕಿಂತ ಕೆಳಗೆ ಬಂದ್ರೆ ಮುಂದಿನ ಪರೀಕ್ಷೆ ಒಳ್ಳೇದು. 10 ಅಂಕದಷ್ಟು ಬದಲಾದ್ರೆ ಗಮನಿಸೋ ಬದಲಾವಣೆ. ಆದ್ರೆ ಹುಷಾರು, ಇಲ್ಲಿ ಅಂಕ ಜಾಸ್ತಿ ಆದಷ್ಟೂ ಒಳ್ಳೇದು. ಮಿಕ್ಕ ಫಾರಂಗಳಲ್ಲಿ ಜಾಸ್ತಿ ಆದ್ರೆ ಕೆಟ್ಟದ್ದು. ಎರಡನ್ನೂ ಒಂದೇ ಫೈಲಿನಲ್ಲಿ ಇಟ್ಕೊಂಡ್ರೆ ತಲೆ ಕೆಡೋದು ಗ್ಯಾರಂಟಿ.

ಮೊದಲ ಅಂಕ ಯಾಕೆ ಯಾವಾಗಲೂ ಜಾಸ್ತಿ

ಯಾರೂ ಚೆನ್ನಾಗಿರೋ ದಿನ ಆಸ್ಪತ್ರೆಗೆ ಹೋಗಲ್ಲ. ತಡ್ಕೊಳ್ಳೋಕಾಗದೇ ಇದ್ದ ವಾರ ಹೋಗ್ತಾರೆ, ಅವತ್ತು ಫಾರಂ ತುಂಬ್ತಾರೆ, ಅಂಕ ಮೇಲಿರುತ್ತೆ. ಏನೂ ಮಾಡದೇ ಇದ್ರೂ ಮುಂದಿನ ಸಲ ಎಷ್ಟೋ ಜನರಿಗೆ ಸ್ವಲ್ಪ ಇಳಿಯುತ್ತೆ, ಯಾಕಂದ್ರೆ ತೀರಾ ಕೆಟ್ಟ ವಾರ ಆದ್ಮೇಲೆ ಸಾಮಾನ್ಯವಾಗಿ ಅಷ್ಟು ಕೆಟ್ಟದಲ್ಲದ ವಾರ ಬರುತ್ತೆ. ಹಾಗಾಗಿ '14 ದಿನದಲ್ಲಿ ನಿಮ್ಮ ಸ್ಕೋರು ಇಳಿಸ್ತೀವಿ' ಅನ್ನೋ ಕೋರ್ಸು, ಆ್ಯಪು, ಪುಡಿ ಯಾವುದು ಕಂಡ್ರೂ ಜೇಬು ಮುಟ್ಟೋ ಮುಂಚೆ ಇದನ್ನ ನೆನಪಿಸ್ಕೊಳ್ಳಿ. ಎರಡು ಅಂಕಿ ಇಟ್ಕೊಂಡು ಯಾವ ದಿಕ್ಕಿಗೂ ಗೆರೆ ಎಳೀಬಹುದು. ಮೂರು-ನಾಲ್ಕು ಸಲದ ಅಂಕ ಸಾಲಾಗಿ ನೋಡಿದ್ರೆ ಮಾತ್ರ ಏನಾದ್ರೂ ಹೇಳೋಕೆ ಬರುತ್ತೆ.

ತೀರಾ ಬೇಗಬೇಗ ತುಂಬೋದೂ ಕೆಲಸಕ್ಕೆ ಬರಲ್ಲ. ಇದು ನನ್ನದೇ ಅನುಭವ. ಡಿಗ್ರಿ ಐದನೇ ಸೆಮಿಸ್ಟರಿಗೆ ಬಿಟ್ಟು ಮನೆಯಲ್ಲಿ ಕೂತಿದ್ದಾಗ ಜಿಎಡಿ-7ನ ಮೊಬೈಲಲ್ಲಿ ದಿನಕ್ಕೆ ಎರಡು ಸಲ ತುಂಬ್ತಿದ್ದೆ. ಬೆಳಿಗ್ಗೆ 9, ರಾತ್ರಿ 15. ಪ್ರಶ್ನೆ ಕೇಳ್ತಿದ್ದದ್ದು ಎರಡು ವಾರದ ಬಗ್ಗೆ, ನಾನು ಉತ್ತರ ಕೊಡ್ತಿದ್ದದ್ದು ಆ ಗಂಟೆಯ ಬಗ್ಗೆ. ಸ್ಕೋರು ನೋಡಿ ಆತಂಕ, ಆತಂಕಕ್ಕೆ ಮತ್ತೆ ಸ್ಕೋರು. ಎರಡು ವಾರದ ಫಾರಂ ಎರಡು ವಾರಕ್ಕೊಮ್ಮೆ ಅಥವಾ ತಿಂಗಳಿಗೊಮ್ಮೆ ತುಂಬಿದ್ರೆ ಸಾಕು. ಖಿನ್ನತೆಯ ಮಾತ್ರೆಗಳು ಹಿಡಿಯೋಕೂ ಕೆಲವು ವಾರ ಬೇಕು, ಮೂರನೇ ದಿನಕ್ಕೆ ಅಳೆದ್ರೆ ಏನೂ ಕಾಣಲ್ಲ. ದಿನಾ ಏನಾದ್ರೂ ಬರೀಬೇಕು ಅನ್ನಿಸಿದ್ರೆ ಕ್ಯಾಲೆಂಡರ್ ಮೇಲೆ ರಾತ್ರಿ ಮಲಗೋ ಮುಂಚೆ 0ರಿಂದ 10ರೊಳಗೆ ಒಂದು ಅಂಕಿ ಹಾಕಿ, ಪಕ್ಕದಲ್ಲಿ ಎರಡು ಪದ: 'ಸಾಲದವನು ಬಂದಿದ್ದ', 'ನಿದ್ದೆ ಬಂತು'. ವೈದ್ಯರಿಗೆ ಇದು ಉಪಯೋಗಕ್ಕೆ ಬರುತ್ತೆ.

ಯಾವ ವಾರ ತುಂಬ್ತೀರಿ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ದೀಪಾವಳಿ ಸೀಸನ್ ವಾರದಲ್ಲಿ ಅಂಗಡಿಯವರ ನಿದ್ದೆ, ಊಟ ಯಾವುದೂ ಸರಿ ಇರಲ್ಲ. ಮೆಕ್ಕೆಜೋಳ ಒಕ್ಕೋ ವಾರ ರೈತನಿಗೆ ಸುಸ್ತು ಇಲ್ದೆ ಇರುತ್ತಾ? ಆ ವಾರದ್ದನ್ನ ಬಿಡುವಿನ ವಾರದ್ದರ ಜೊತೆ ಇಟ್ರೆ ನಿಮ್ಮ ಮನಸ್ಸಿನ ಬದಲು ವ್ಯಾಪಾರ ಅಳೆದ ಹಾಗಾಗುತ್ತೆ. ಅಂಥ ವಾರ ಇದ್ರೆ ಕಾಗದದ ಮೂಲೆಯಲ್ಲಿ ಬರೆದಿಡಿ.

ಯಾರ ಮುಂದೆ ತುಂಬ್ತೀರಿ ಅನ್ನೋದು ಇನ್ನೂ ದೊಡ್ಡದು. ಒಬ್ಬರೇ ಕೂತು ಟಿಕ್ ಹಾಕೋದು ಒಂದು, ಪಡಸಾಲೆಯಲ್ಲಿ ಅತ್ತೆ-ಮಾವನ ಎದುರಿಗೆ ಇನ್ನೊಬ್ಬರು ಓದಿ ಹೇಳಿ 'ಬೇಜಾರೇನಾದ್ರೂ ಇದೆಯಾ' ಅಂತ ಕೇಳೋದು ಇನ್ನೊಂದು. ಎರಡನೆಯದಕ್ಕೆ ಉತ್ತರ 'ಏನಿಲ್ಲ ಬಿಡಿ' ಅಂತಲೇ ಬರೋದು. ಈ 'ಬೇಜಾರು' ಅನ್ನೋ ಪದವೂ ಕಮ್ಮಿಯಿಲ್ಲ. ಹೊತ್ತು ಹೋಗದಿದ್ರೂ ಬೇಜಾರು, ಯಾರೋ ಬೈದ್ರೂ ಬೇಜಾರು, ಬದುಕೇ ಬೇಡ ಅನ್ನಿಸಿದ್ರೂ ಬೇಜಾರು. ಓದಿ ಹೇಳೋರು ಒಂದು ಸಲ ಬೇಜಾರು ಅಂದು, ಮುಂದಿನ ಸಲ ದುಃಖ ಅಂದ್ರೆ ಫಾರಂ ಒಂದೇ ಆದ್ರೂ ಪ್ರಶ್ನೆ ಬೇರೆ ಆಗಿಹೋಯ್ತು. ಆಶಾ ಅಕ್ಕಂದಿರಲ್ಲಿ ನನ್ನದೊಂದು ಕೋರಿಕೆ, ಈ ಎರಡು ಪ್ರಶ್ನೆ ಮಾತ್ರ ಸ್ವಲ್ಪ ಪಕ್ಕಕ್ಕೆ ಕರೆದು ಕೇಳಿ.

ಇನ್ನೂ ಒಂದು ವಿಷಯ ಹೇಳದೇ ಬಿಟ್ರೆ ತಪ್ಪಾಗುತ್ತೆ. ಈ ಫಾರಂಗಳು ಕಾಯಿಲೆ ಇದೆ ಅಂತ ತೀರ್ಪು ಕೊಡಲ್ಲ, ಅದು ವೈದ್ಯರು ಕೂತು ಮಾತಾಡಿ ಹೇಳ್ಬೇಕಾದ್ದು. ಕೆಲವರಿಗೆ ಕುಗ್ಗೋದರ ಜೊತೆಗೆ ಅತಿಯಾಗಿ ಉಬ್ಬೋದೂ ಇರುತ್ತೆ, ರಾತ್ರಿಯಿಡೀ ಎಚ್ಚರ, ಮಾತು ನಿಲ್ಲಲ್ಲ, ಸಾಲ ಮಾಡಿ ಖರೀದಿ. ಆ ಹೊತ್ತಿನಲ್ಲಿ ಪಿಎಚ್‌ಕ್ಯೂ-9 ತುಂಬಿಸಿದ್ರೆ ಅಂಕ ಕಮ್ಮಿ ಬಂದು 'ಪೂರ್ತಿ ಗುಣ' ಅಂತ ಕಾಣಬಹುದು. ಮನೆಯವರು ಕಣ್ಣಲ್ಲಿ ನೋಡಿದ್ದನ್ನ ವೈದ್ಯರಿಗೆ ಹೇಳ್ಬೇಕಾಗಿರೋದು ಇದಕ್ಕೇ.

ತುಂಬಿದ ಫಾರಂನ ಒಂದು ಪ್ರತಿ ಕೇಳಿ ಇಟ್ಕೊಳ್ಳಿ, ಅಥವಾ ಫೋಟೋ ತೆಗೆದುಕೊಳ್ಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ತನ್ನ ಚಿಕಿತ್ಸೆಯ ದಾಖಲೆ ನೋಡೋ ಹಕ್ಕೂ ಇದೆ, ಅದನ್ನ ಗುಟ್ಟಾಗಿ ಇಡಿಸ್ಕೊಳ್ಳೋ ಹಕ್ಕೂ ಇದೆ. ಡಾಕ್ಟರು ಬದಲಾದ್ರೆ 'ನನ್ನ ಹಳೇದು ಈ ಫಾರಂ, ಇದನ್ನೂ ಒಂದು ಸಲ ತುಂಬ್ತೀನಿ' ಅಂತ ಹೇಳಿ. ಐದು ನಿಮಿಷದ ಕೆಲಸ, ಯಾರೂ ಬೇಡ ಅನ್ನಲ್ಲ. ಬರೀ ಅಂಕಿ ಬರೆದು ಕೊಟ್ರೆ ಸಾಲಲ್ಲ. ಯಾವ ಫಾರಂ, ಎಷ್ಟಕ್ಕೆ ಎಷ್ಟು, ಯಾವ ತಾರೀಕು ಅಂತ ಬರೆಸ್ಕೊಳ್ಳಿ. ನಮ್ಮ ಅಂಗಡಿಯವರ ಮೊದಲ ಕಾಗದದಲ್ಲಿ '27ಕ್ಕೆ 13' ಅಂತ ಇದ್ದಿದ್ರೆ ಆ ಹನ್ನೊಂದು ದಿನ ಆಗ್ತಿರಲಿಲ್ಲ.

ಅವರು ವಾಪಸ್ ಆಸ್ಪತ್ರೆಗೆ ಹೋದ್ರು. ಮಾತ್ರೆ ತಾನಾಗೇ ಬಿಟ್ಟಿದ್ದಕ್ಕೆ ಸ್ವಲ್ಪ ಬೈಸ್ಕೊಂಡ್ರು, ಯಾವ ಪ್ರಮಾಣದಲ್ಲಿ ಮತ್ತೆ ಶುರು ಮಾಡ್ಬೇಕು ಅಂತ ವೈದ್ಯರೇ ಹೇಳಿದ್ರು. ಹಳೇ ಪಿಎಚ್‌ಕ್ಯೂ-9 ಇನ್ನೊಂದು ಸಲ ತುಂಬಿಸಿದ್ರೆ 11 ಬಂತು, ಒಂಬತ್ತನೆಯದಕ್ಕೆ ಸೊನ್ನೆ. 13ಕ್ಕೂ 11ಕ್ಕೂ ಅಂಥ ವ್ಯತ್ಯಾಸ ಇಲ್ಲ ಅಂತ ಈಗ ಅವರೇ ನನಗೆ ಹೇಳ್ತಾರೆ. ಮುಂದಿನ ಸಲ ತುಂಬೋದು ಇನ್ನು ನಾಲ್ಕು ವಾರಕ್ಕೆ. ಸಂತೆ ದಿನ ಬೀಳುತ್ತೆ ಅಂತ ಒಂದು ದಿನ ಮುಂದಕ್ಕೆ ಹಾಕಿಸ್ಕೊಂಡಿದ್ದಾರೆ.